ಪಚ್ಚಿಲೆಯ ಅಂಟು, ಮೂರು ಪೆಟ್ಟಿಗೆ ಐಸು

ನಲವತ್ತೇಳನೇ ವಯಸ್ಸಿನಲ್ಲೂ ಪಿಎಚ್‌ಡಿ ಮುಗಿಸದೆ ಕೂತವಳನ್ನು ಮದುವೆ ಮನೆಗಳಲ್ಲಿ ಹೇಗೆ ಮಾತಾಡಿಸುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮೊದಲು ಸೀರೆಯನ್ನು ಹೊಗಳುತ್ತಾರೆ. ಆಮೇಲೆ ಮಗಳು ಎಂತ ಓದುತ್ತಿದ್ದಾಳೆ ಎಂದು ವಿಚಾರಿಸುತ್ತಾರೆ. ಕೊನೆಗೆ ಕೋಳಿ ಸುಕ್ಕ ಬಡಿಸಿಕೊಳ್ಳುತ್ತಾ, ಅದೇನೂ ದೊಡ್ಡ ಸಂಗತಿಯಲ್ಲ ಎಂಬ ಹಾಗೆ, "ನಿನ್ನದು ಇನ್ನೂ ಮುಗೀಲಿಲ್ವಾ ಮಾರಾಯ್ತಿ?" ಎನ್ನುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಗಂಡನ ದೊಡ್ಡಮ್ಮನಿಗೆ, "ನಿಮ್ಮ ಮನೆಯ ಮೇಲಿನ ಮಾಳಿಗೆ ಮುಗಿದ ದಿನ ನನ್ನದೂ ಮುಗೀತದೆ" ಎಂದುಬಿಟ್ಟಿದ್ದೆ. ಆ ಮಾಳಿಗೆ ವರ್ಷಗಳಿಂದ ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಚಾಚಿಕೊಂಡು ನಿಂತಿತ್ತು. ದೊಡ್ಡಮ್ಮ ಎರಡು ದೀಪಾವಳಿ ನನ್ನೊಡನೆ ಮಾತಾಡಲಿಲ್ಲ.

ಬಿಎಸ್ಸಿ ಕೊನೆಯ ವರ್ಷದಲ್ಲಿ ಮದುವೆಯಾಗಿ ಹೋಟೆಲ್ ನಡೆಸುವ ಮನೆಗೆ ಬಂದವಳು ನಾನು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಎಂಎಸ್ಸಿ ಮಾಡಿದೆ, ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ, ನಲವತ್ತಕ್ಕೆ ಸಂಶೋಧನೆಗೆ ಹೆಸರು ನೋಂದಾಯಿಸಿದೆ. ವಿಷಯ ಪಚ್ಚಿಲೆಯ ಅಂಟು. ಪಚ್ಚಿಲೆ ಎಂದರೆ ಕಡಲಿನ ಬಂಡೆಗಳಿಗೆ ಕಚ್ಚಿಕೊಂಡು ಬದುಕುವ ಹಸಿರು ಚಿಪ್ಪಿನ ಜೀವಿ. ಅಲೆ ಎಷ್ಟು ಬಡಿದರೂ ಅದು ಕೈಬಿಡುವುದಿಲ್ಲ, ಏಕೆಂದರೆ ನೀರಿನೊಳಗೂ ಗಟ್ಟಿಯಾಗುವ ಒಂದು ಪ್ರೋಟೀನಿನ ಅಂಟನ್ನು ಅದು ತಾನೇ ತಯಾರಿಸುತ್ತದೆ. ಆ ಅಂಟನ್ನು ನಾವು ಲ್ಯಾಬಿನಲ್ಲಿ ಮಾಡುವಂತಾದರೆ ಮುಂದೊಂದು ದಿನ ಒದ್ದೆ ಗಾಯವನ್ನು ಹೊಲಿಗೆಯಿಲ್ಲದೆ ಮುಚ್ಚಬಹುದು ಎಂಬುದು ನನ್ನ ಗೈಡ್ ಅವರ ಕನಸು. ನನ್ನ ಕನಸು ಅಷ್ಟು ದೊಡ್ಡದಲ್ಲ. ಮದುವೆ ಮನೆಯಲ್ಲಿ ನೆಮ್ಮದಿಯಾಗಿ ಸುಕ್ಕ ತಿನ್ನಬೇಕು, ಅಷ್ಟೇ.

ಸುಕ್ಕದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಸಂಶೋಧನೆಗೆಂದು ತರಿಸಿದ ಪಚ್ಚಿಲೆಯನ್ನು ಒಂದು ದಿನದ ಮಟ್ಟಿಗೆ ಮನೆಯ ಫ್ರಿಜ್ಜಿನಲ್ಲಿಟ್ಟಿದ್ದೆ. ಮರುದಿನ ನಾನು ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ಅತ್ತೆ ಅದಕ್ಕೆ ತೆಂಗಿನಕಾಯಿ ಹಾಕಿ ಮುಗಿಸಿದ್ದರು. "ಇಷ್ಟು ಒಳ್ಳೇ ಪಚ್ಚಿಲೆ ಎಲ್ಲಿ ಸಿಕ್ಕಿತು ಮಗಾ?" ಎಂದು ಕೇಳಿದರು. ವಿಜ್ಞಾನಕ್ಕೆ ನಷ್ಟವಾಯಿತು, ಆದರೆ ನೀರುದೋಸೆಯೊಡನೆ ಅದು ಬಹಳ ರುಚಿಯಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಪಚ್ಚಿಲೆಯ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಅಂಟು ಮಾಡುವ ವಿಧಾನ ಜೀನ್ ರೂಪದಲ್ಲಿ ಬರೆದಿಟ್ಟಿರುತ್ತದೆ. ಆದರೆ ಅದರ ಕಾಲಿನ ಕೆಲವು ಕೋಶಗಳು ಮಾತ್ರ ಆ ಪುಟವನ್ನು ತೆರೆದು ಓದುತ್ತವೆ. ಉಳಿದವು ಅದೇ ಪುಸ್ತಕ ಇಟ್ಟುಕೊಂಡು ಬೇರೆ ಪುಟ ಓದುತ್ತವೆ. ಇದನ್ನು ನಾನು ತರಗತಿಯಲ್ಲಿ ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ನನ್ನ ಮಾವನವರ ಮಸಾಲೆಯ ಪುಸ್ತಕ ಕಪಾಟಿನಿಂದ ಹೊರಗೆ ಬರುವುದಿಲ್ಲ. ಇವತ್ತು ಕೋಳಿಯ ಗಸಿ ಬೇಕಾದರೆ ಆ ಒಂದು ಪುಟವನ್ನಷ್ಟೇ ಚೀಟಿಗೆ ನಕಲು ಮಾಡಿ ಅಡುಗೆಮನೆಗೆ ಕಳಿಸುತ್ತಾರೆ. ಭಟ್ಟರು ಚೀಟಿ ನೋಡಿ ಮಾಡುತ್ತಾರೆ, ಕೆಲಸ ಮುಗಿದ ಮೇಲೆ ಚೀಟಿ ಒಲೆಗೆ ಹೋಗುತ್ತದೆ. ಕೋಶದಲ್ಲೂ ಹಾಗೆಯೇ. ಡಿಎನ್‌ಎ ಒಳಕೋಣೆಯಲ್ಲಿ ಉಳಿಯುತ್ತದೆ, ಆರ್‌ಎನ್‌ಎ ಎಂಬ ಚೀಟಿ ಹೊರಗೆ ಬರುತ್ತದೆ, ರೈಬೋಸೋಮ್ ಎಂಬ ಭಟ್ಟ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತಾ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುತ್ತಾನೆ. ಪೋಣಿಸಿದ ಸರ ತನ್ನಷ್ಟಕ್ಕೆ ಮಡಿಚಿಕೊಂಡು ಸರಿಯಾದ ಆಕಾರಕ್ಕೆ ಬಂದಾಗ ಅದು ಕೆಲಸ ಮಾಡುವ ಪ್ರೋಟೀನು. ಮಡಿಕೆ ತಪ್ಪಿದರೆ ಅಕ್ಷರವೆಲ್ಲ ಸರಿಯಿದ್ದರೂ ಅದು ಕಸ.

ನನ್ನ ಕಷ್ಟವೆಲ್ಲ ಈ ಮಡಿಕೆಯದ್ದೇ. ಪಚ್ಚಿಲೆಯ ಕಾಲಿನಿಂದ ಆ ಚೀಟಿಯನ್ನು ಹಿಡಿದು, ಅದರಿಂದ ಜೀನನ್ನು ಮರಳಿ ಬರೆಸಿ, ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದೆ. ಅದರ ಬಾಲಕ್ಕೆ ಅಂಬಲಿ ಮೀನಿನ, ಅಂದರೆ ಜೆಲ್ಲಿಫಿಶ್‌ನ, ಹಸಿರು ಹೊಳೆಯುವ ಜೀನನ್ನೂ ಕಟ್ಟಿದೆ. ಅಂಟು ಸರಿಯಾಗಿ ಮಡಿಚಿಕೊಂಡರೆ ಅದರ ಹಿಂದಿರುವ ಹಸಿರೂ ಸರಿಯಾಗಿ ಮಡಿಚಿಕೊಂಡು ನೀಲಿ ದೀಪದಡಿ ಬೆಳಗುತ್ತದೆ. ಮಡಿಕೆ ತಪ್ಪಿದರೆ ಕತ್ತಲೆ. ಹಾಲಿನ ಸಕ್ಕರೆಯ ತದ್ರೂಪಿಯಾದ, ಪ್ರಚೋದಕ ಎಂದು ಕರೆಯುವ ಒಂದು ರಾಸಾಯನಿಕವನ್ನು ಬಾಟಲಿಗೆ ಹಾಕಿದ ಕೂಡಲೇ ಬ್ಯಾಕ್ಟೀರಿಯಾಗಳು ನನ್ನ ಪುಟವನ್ನು ತೆರೆದು ಓದತೊಡಗುತ್ತವೆ. ಓದಿದವು, ಪ್ರೋಟೀನು ಮಾಡಿದವು, ಬೇಕಾದಷ್ಟು ಮಾಡಿದವು. ಆದರೆ ಕೋಶಗಳನ್ನು ಒಡೆದು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಪ್ರತೀ ಸಲವೂ ಟ್ಯೂಬಿನ ತಳದಲ್ಲಿ ಬಿಳೀ ಗಟ್ಟಿ ಮುದ್ದೆ, ಮೇಲಿನ ನೀರಿನಲ್ಲಿ ಏನೂ ಇಲ್ಲ. ಸರಗಳು ಮಡಿಚಿಕೊಳ್ಳುವ ಮೊದಲೇ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು. ಅಂಟಿನ ಪ್ರೋಟೀನು ಅಂಟಿಕೊಂಡಿತು ಎಂದು ನೆಂಟರು ನಕ್ಕರು.

ಮೂರು ವರ್ಷ ಹೀಗೆಯೇ ಹೋಯಿತು. ಹಟಕ್ಕೆ ಬಿದ್ದು ಪ್ರಚೋದಕವನ್ನು ದುಪ್ಪಟ್ಟು ಹಾಕಿದೆ, ನಾಲ್ಕು ಪಟ್ಟು ಹಾಕಿದೆ. ಮುದ್ದೆ ದೊಡ್ಡದಾಯಿತು. ಎರಡು ಬಾರಿ ಅವಧಿ ವಿಸ್ತರಿಸಿಕೊಂಡ ನನಗೆ ಆ ಮಾರ್ಚ್ ತಿಂಗಳಲ್ಲಿ ಗೈಡ್ ಕರೆದು ನಿಧಾನವಾಗಿ ಹೇಳಿದರು: "ಹತ್ತು ದಿನದಲ್ಲಿ ಸಮಿತಿ ಕೂರ್ತದೆ. ನೀರಿನಲ್ಲಿ ಕರಗಿದ ಪ್ರೋಟೀನು ತೋರಿಸದಿದ್ರೆ ನಿಮ್ಮ ನೋಂದಣಿ ರದ್ದು ಮಾಡ್ತಾರೆ. ನನ್ನ ಕೈಯಲ್ಲಿ ಇನ್ನು ಏನಿಲ್ಲ." ಏಳು ವರ್ಷದ ಕೆಲಸ ಹತ್ತು ದಿನಕ್ಕೆ ಬಂದು ನಿಂತಿತ್ತು. ಹೊರಗೆ ಬಂದು ಲ್ಯಾಬಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ ಗೋಡೆಯ ಕ್ಯಾಲೆಂಡರ್ ಬಿತ್ತು.

ಅದನ್ನು ಎತ್ತಿ ಮತ್ತೆ ಮೊಳೆಗೆ ಸಿಕ್ಕಿಸಿದವರು ಅಕ್ಕ. ಅಕ್ಕ ಎಂದರೆ ನಮ್ಮ ಲ್ಯಾಬಿನ ಅಟೆಂಡರ್, ಕೂಳೂರಿನ ಕಡೆಯ ಬ್ಯಾರಿ ಮನೆಯವರು, ನನಗಿಂತ ಐದು ವರ್ಷ ದೊಡ್ಡವರು. ದಿನಾ ಅಲ್ಲಿನ ಸೇತುವೆಯ ಟ್ರಾಫಿಕ್ಕನ್ನು ಬೈಯುತ್ತಾ ಬರುತ್ತಾರೆ, ಗಾಜಿನ ಸಾಮಾನು ತೊಳೆಯುತ್ತಾರೆ, ನನ್ನ ಸಿಟ್ಟನ್ನು ಗೋಡೆಯ ಫ್ಯಾನಿನ ಸದ್ದಿನಂತೆ ಕೇಳಿಯೂ ಕೇಳದ ಹಾಗೆ ಇರುತ್ತಾರೆ. ನನ್ನ ಬಿಳೀ ಮುದ್ದೆಯನ್ನು ಟ್ಯೂಬಿನ ತಳದಿಂದ ಮೂರು ವರ್ಷ ಕೆರೆದು ತೆಗೆದವರು ಅವರೇ. ಅವತ್ತು ಅವರಿಗೆ ಉಪವಾಸ, ರಂಜಾನಿನ ಮೊದಲ ವಾರ.

"ಇದು ಎಂತ ಮೇಡಂ, ದಿನಾ ಹೀಗೆ ಕಲ್ಲಿನ ಹಾಗೆ ಕೂರುವುದು?" ಎಂದು ಕೇಳಿದರು.

ನಾನು ಸಿಡುಕುತ್ತಲೇ ವಿವರಿಸಿದೆ. ಬ್ಯಾಕ್ಟೀರಿಯಾ ಬೇಗ ಬೇಗ ಮಾಡ್ತದೆ, ಒಂದು ಮಡಿಚಿಕೊಳ್ಳುವ ಮೊದಲು ಇನ್ನೊಂದು ಬಂದು ಅದಕ್ಕೆ ಅಂಟ್ತದೆ, ಎಲ್ಲ ಸೇರಿ ಮುದ್ದೆ.

ಅಕ್ಕ ಟ್ಯೂಬ್ ಕೆಳಗಿಟ್ಟರು. "ನಮ್ಮ ಪತ್ತಿರಿಯ ಹಾಗೆ," ಎಂದರು.

ಪತ್ತಿರಿ ಎಂದರೆ ಬ್ಯಾರಿ ಮನೆಗಳ ತೆಳ್ಳಗಿನ ಅಕ್ಕಿರೊಟ್ಟಿ. ಅಕ್ಕ ಅವರ ಕಡೆಯ ಮದುವೆಗಳಲ್ಲಿ ಅದಕ್ಕೆ ಮೇಸ್ತ್ರಿ ಇದ್ದ ಹಾಗೆ. ಹತ್ತು ಹದಿನೈದು ಹೆಂಗಸರು ಸಾಲಾಗಿ ಕೂತು ಲಟ್ಟಿಸುತ್ತಾರೆ, ಇಬ್ಬರು ಸುಡುತ್ತಾರೆ, ಅಕ್ಕ ನಡುವೆ ನಿಂತು ಯಾರ ಕೈ ಎಷ್ಟು ವೇಗದಲ್ಲಿರಬೇಕೆಂದು ನಿರ್ಧರಿಸುತ್ತಾರೆ. "ಹೊಸತಾಗಿ ಮದುವೆಯಾದ ಮದಿಮಾಳುಗಳು ಬಂದ್ರೆ ಇದೇ ಕತೆ ಮೇಡಂ. ತಾವು ಬೇಗ ಅಂತ ತೋರಿಸ್ಲಿಕ್ಕೆ ಬಿಸಿ ಬಿಸಿ ತೆಗೆದು ಒಂದರ ಮೇಲೆ ಒಂದು ಒಟ್ಟುವುದು. ಆಮೇಲೆ ತೆಗೀಲಿಕ್ಕೆ ಹೋದ್ರೆ ಇಪ್ಪತ್ತು ಪತ್ತಿರಿ ಸೇರಿ ಒಂದೇ ದಿಂಬು! ನಾನು ಹೇಳುವುದು ಎಂತ, ಬೆಂಕಿ ತಗ್ಗಿಸಿ, ಲಟ್ಟಿಸುವ ಕೈ ನಿಧಾನ ಮಾಡಿ, ಒಂದು ಆರಿದ ಮೇಲೆ ಇನ್ನೊಂದು ಇಡಿ. ಕಡಿಮೆ ಆದ್ರೂ ಎಲ್ಲ ಬಿಡಿ ಬಿಡಿ ಬರ್ತದೆ. ನೀವು ಬೆಂಕಿ ಎಷ್ಟು ಇಟ್ಟಿದ್ದೀರಿ?"

"ಮೂವತ್ತೇಳು ಡಿಗ್ರಿ."

"ತಗ್ಗಿಸಿ. ಆ ಹಾಲಿನ ಮದ್ದು ಉಂಟಲ್ಲ, ಅದನ್ನೂ ಸ್ವಲ್ಪವೇ ಹಾಕಿ. ಅವಸರ ಎಂತಕ್ಕೆ?"

ನನಗೆ ಕೋಪ, ನಾಚಿಕೆ ಎರಡೂ ಒಟ್ಟಿಗೆ ಬಂದವು. ಏಕೆಂದರೆ ಇದೇ ಮಾತನ್ನು ನಾನು ಪ್ರಬಂಧಗಳಲ್ಲಿ ಓದಿದ್ದೆ. ಇಪ್ಪತ್ತು ಡಿಗ್ರಿಗೆ ಇಳಿಸಿದರೆ ಕೋಶಗಳು ನಿಧಾನವಾಗಿ ಪೋಣಿಸುತ್ತವೆ, ಸರಗಳಿಗೆ ಮಡಿಚಿಕೊಳ್ಳಲು ಸಮಯ ಸಿಗುತ್ತದೆ ಎಂದು ಅಲ್ಲಿ ಬರೆದಿತ್ತು. ಆದರೆ ನಮ್ಮ ಶೇಕರ್ ಯಂತ್ರದಲ್ಲಿ ಬಿಸಿ ಮಾಡುವ ಸೌಕರ್ಯವಷ್ಟೇ ಇತ್ತು. ನೀರಿನ ತೊಟ್ಟಿಯಲ್ಲಿ ಬಾಟಲಿಗಳು ಓಲಾಡುವ ಹಳೆಯ ಯಂತ್ರ ಅದು, ತಂಪು ಮಾಡಲು ಬರುವುದಿಲ್ಲ. ಬೈಕಂಪಾಡಿಯ ವರ್ಕ್‌ಶಾಪ್ ಒಂದರಲ್ಲಿ ತಂಪಿನ ಕೊಳವೆ ಹಾಕಿಕೊಡಲು ಕೇಳಿದ್ದೆ, ಎರಡು ತಿಂಗಳು ಬೇಕೆಂದಿದ್ದರು. ಮಾರ್ಚಿನಲ್ಲಿ ನಮ್ಮ ನಲ್ಲಿಯ ನೀರೇ ಮೂವತ್ತು ಡಿಗ್ರಿ. ಆಗುವುದಿಲ್ಲ ಎಂದು ನಾನೇ ತೀರ್ಮಾನಿಸಿ ಕೈಬಿಟ್ಟಿದ್ದೆ.

ಅಕ್ಕನಿಗೆ ಅದೊಂದು ಸಮಸ್ಯೆಯೇ ಅನ್ನಿಸಲಿಲ್ಲ. "ಮಂಗಳೂರಿನಲ್ಲಿ ಐಸಿಗೆ ಬರವಾ? ನನ್ನ ತಮ್ಮ ಬಂದರಿನ ದಕ್ಕೆಯಲ್ಲಿ ಮೀನು ಲೋಡ್ ಮಾಡ್ಸುವವನು. ಮೂರು ಪೆಟ್ಟಿಗೆ ಕಳಿಸ್ಲಿಕ್ಕೆ ಹೇಳ್ತೇನೆ," ಎಂದರು.

ಎರಡು ದಿನ ಬಿಟ್ಟು, ಬೆಳಿಗ್ಗೆ ಆರಕ್ಕೇ ನಾವಿಬ್ಬರೂ ಲ್ಯಾಬಿನಲ್ಲಿದ್ದೆವು. ಬ್ಯಾಕ್ಟೀರಿಯಾ ಬೆಳೆದು ಬಾಟಲಿಗಳಲ್ಲಿನ ಪೋಷಕ ಸಾರು ಮಸುಕಾಗುವಷ್ಟರಲ್ಲಿ ಒಂಬತ್ತು ಗಂಟೆ. ಅಷ್ಟರಲ್ಲಿ ರಿಕ್ಷಾದಲ್ಲಿ ಮೂರು ಥರ್ಮಾಕೋಲ್ ಪೆಟ್ಟಿಗೆಗಳು ಬಂದವು. ಪೆಟ್ಟಿಗೆಗೆ ಬಂಗುಡೆ ಮೀನಿನ ವಾಸನೆ ಇತ್ತು. ಒಂದು ಪೆಟ್ಟಿಗೆಯ ಪುಡಿ ಐಸನ್ನು ತೊಟ್ಟಿಗೆ ಸುರಿದು ಥರ್ಮಾಮೀಟರ್ ಇಳಿಸಿದೆವು. ಇಪ್ಪತ್ತಾರು, ಇಪ್ಪತ್ತೆರಡು, ಇಪ್ಪತ್ತು. ನಾನು ಪ್ರಚೋದಕ ತರಲು ಪಕ್ಕದ ಕೋಣೆಗೆ ಹೋದೆ. ಬಂದು ನೋಡಿದರೆ ಪಾದರಸ ಹನ್ನೆರಡಕ್ಕೆ ಇಳಿದು ಇನ್ನೂ ಇಳಿಯುತ್ತಿದೆ. ಹತ್ತು. ಎಂಟು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ, ಲ್ಯಾಬಿನಲ್ಲಿ ಮಾಡಬಾರದ ಕೆಲಸ ಅದು. ಉಪ್ಪು.

ದೂರದೂರಿಗೆ ಹೋಗುವ ಮೀನಿನ ಲೋಡಿಗೆ ಐಸಿನ ಪದರಗಳ ಮಧ್ಯೆ ಹಿಡಿ ಹಿಡಿ ಕಲ್ಲುಪ್ಪು ಹಾಕುವುದು ತಮ್ಮನ ಅಭ್ಯಾಸ. ಉಪ್ಪು ಬಿದ್ದ ಐಸು ಇನ್ನಷ್ಟು ತಣ್ಣಗಾಗುತ್ತದೆ. ಅಕ್ಕನ ಕೆಲಸ ಎಂದು ಆತ ಪ್ರೀತಿಯಿಂದ ಎರಡು ಹಿಡಿ ಹೆಚ್ಚೇ ಹಾಕಿದ್ದ.

ನನಗೆ ಏನೂ ಕಾಣಲಿಲ್ಲ. ಏಳು ವರ್ಷ, ಸಮಿತಿ, ಮದುವೆ ಮನೆಗಳು, ಎಲ್ಲ ಒಟ್ಟಿಗೆ ತಲೆಗೇರಿದವು. "ಲ್ಯಾಬ್ ಅಂದ್ರೆ ಎಂತ ಮೀನು ಮಾರ್ಕೆಟ್ ಅಂದ್ಕೊಂಡಿದ್ದೀರಾ? ನಿಮ್ಮ ಮಾತು ಕೇಳಿದ್ದು ನನ್ನ ತಪ್ಪು!" ಎಂದು ಕೂಗಿದೆ. ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗಿಯರು ನಿಂತು ನೋಡಿದರು.

ಅಕ್ಕನ ಮುಖ ಸಣ್ಣದಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಟಲಿಗಳನ್ನು ಹೊರಗೆ ತೆಗೆದಿಟ್ಟು, ತೊಟ್ಟಿಯ ಉಪ್ಪುನೀರನ್ನೆಲ್ಲ ಚೊಂಬಿನಿಂದ ಮೊಗೆದು ಹೊರಗೆ ಸುರಿದರು. ನಲ್ಲಿಯ ನೀರು ತುಂಬಿದರು. ಉಳಿದ ಎರಡು ಪೆಟ್ಟಿಗೆಯ ಐಸನ್ನು ಸಿಂಕಿನಲ್ಲಿ ತೊಳೆದು ಉಪ್ಪು ಬಿಡಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಒಂದೊಂದೇ ಇಳಿಬಿಟ್ಟರು. ಮುಕ್ಕಾಲು ಗಂಟೆಯಲ್ಲಿ ಪಾದರಸ ಇಪ್ಪತ್ತಕ್ಕೆ ಬಂದು ನಿಂತಿತು. ಬಾಟಲಿಗಳನ್ನು ಒಳಗಿಟ್ಟು, ನಾನು ಪ್ರಚೋದಕವನ್ನು ಮೊದಲಿನ ಹತ್ತರಲ್ಲಿ ಒಂದು ಪಾಲು ಹಾಕಿದೆ.

ಆಮೇಲಿನ ಏಳು ಗಂಟೆ ನನ್ನ ಜೀವನದಲ್ಲೇ ಅತ್ಯಂತ ಉದ್ದದ ಏಳು ಗಂಟೆ. ಕಾಲು ಗಂಟೆಗೊಮ್ಮೆ ಐಸಿನ ಚೀಲ ಬದಲಿಸಬೇಕು. ನಾನು ಎರಡು ಪಾಠ ಮಾಡಿ ಬಂದೆ, ಮಧ್ಯಾಹ್ನ ಕ್ಯಾಂಟೀನಿಗೆ ಹೋಗಿ ಉಂಡು ಬಂದೆ. ಅಕ್ಕ ನೀರೂ ಕುಡಿಯದೆ, ಸ್ಟೂಲಿನ ಮೇಲೆ ಕೂತು, ಥರ್ಮಾಮೀಟರನ್ನು ಹಾಲುಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಿದ್ದರು. ಹೊರಗೆ ಬಿಸಿಲು ಧಗಧಗ. ಅವರ ಕೈಗಳು ಮಾತ್ರ ಐಸು ಮುಟ್ಟಿ ಮುಟ್ಟಿ ಬಿಳಿಚಿಕೊಂಡಿದ್ದವು.

"ನೀವು ಮನೆಗೆ ಹೋಗಿ ಅಕ್ಕ, ನಾನು ನೋಡಿಕೊಳ್ತೇನೆ," ಎಂದೆ.

"ನೀವು ನೋಡಿಕೊಂಡ್ರೆ ಅದು ಹೆದರಿ ಮುದ್ದೆ ಆದೀತು," ಎಂದರು. ಅಷ್ಟೇ ಮಾತು.

ಐದಕ್ಕೆ ಬಾಟಲಿ ತೆಗೆದೆವು. ಕೋಶಗಳನ್ನು ಕೂಡಿಸಿ, ಒಡೆದು, ಟ್ಯೂಬುಗಳಿಗೆ ತುಂಬಿ ತಿರುಗುವ ಯಂತ್ರಕ್ಕೆ ಹಾಕುವಾಗ ಆರೂ ಕಾಲು. ಅರ್ಧ ಗಂಟೆ ತಿರುಗಬೇಕು. ಅದು ನಿಲ್ಲುವ ಹೊತ್ತಿಗೆ ಸರಿಯಾಗಿ ಮಸೀದಿಯಿಂದ ಬಾಂಗ್ ಕೇಳಿಸಿತು. ಅಕ್ಕ ಬಾಗಿಲಿನ ಹೊರಗೆ ಹೋಗಿ, ಚೀಲದಿಂದ ಖರ್ಜೂರ ತೆಗೆದು, ಬಾಯಲ್ಲಿ ಏನೋ ಹೇಳಿಕೊಂಡು ತಿಂದರು, ನೀರು ಕುಡಿದರು. ನನಗೆ ಯಂತ್ರದ ಮುಚ್ಚಳ ತೆರೆಯುವ ಧೈರ್ಯವಿರಲಿಲ್ಲ. ಕೈಕಟ್ಟಿ ನಿಂತಿದ್ದೆ. ಒಳಗೆ ಬಂದ ಅಕ್ಕನೇ, "ತೆರೀರಿ ಮೇಡಂ, ಅದು ನಿಮ್ಮನ್ನು ಕಚ್ಚುವುದಿಲ್ಲ," ಎಂದರು.

ಲೈಟ್ ಆರಿಸಿ ನೀಲಿ ದೀಪ ಹಿಡಿದೆ.

ಟ್ಯೂಬಿನ ತಳದಲ್ಲಿ ಮುದ್ದೆ ಇತ್ತು, ಆದರೆ ಬಟಾಣಿಯಷ್ಟು. ಅದರ ಮೇಲಿನ ನೀರು ತಳದಿಂದ ಅಂಚಿನವರೆಗೆ ಹಸಿರಾಗಿ ಬೆಳಗುತ್ತಿತ್ತು. ಒಂದು ಟ್ಯೂಬ್ ಅಲ್ಲ, ನಾಲ್ಕಕ್ಕೆ ನಾಲ್ಕೂ. ನನ್ನ ಪ್ರೋಟೀನು ಮಡಿಚಿಕೊಂಡಿತ್ತು, ನೀರಿನಲ್ಲಿ ಕರಗಿ ಬಿಡಿ ಬಿಡಿಯಾಗಿ ನಿಂತಿತ್ತು. ನಾನು ನೆಲದ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ, ನಾಚಿಕೆಗೂ ಅತ್ತೆ. ಅಳುತ್ತಲೇ, "ಬೆಳಿಗ್ಗೆ ಹಾಗೆ ಹೇಳಬಾರದಿತ್ತು, ತಪ್ಪಾಯ್ತು ಅಕ್ಕ," ಎಂದೆ.

ಅಕ್ಕ ಟ್ಯೂಬನ್ನು ದೀಪಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಹೇಳಬಾರದಿತ್ತು," ಎಂದು ಒಪ್ಪಿಕೊಂಡರು. "ಮೀನು ಮಾರ್ಕೆಟ್‌ನಲ್ಲಿ ನಿಮ್ಮಷ್ಟು ದೊಡ್ಡ ಬಾಯಿ ಯಾರಿಗೂ ಇಲ್ಲ ಮೇಡಂ. ಅಲ್ಲಿ ಹೋಗಿ ಕೂತ್ರೆ ಒಳ್ಳೇ ವ್ಯಾಪಾರ ಆದೀತು." ನಾವಿಬ್ಬರೂ ಕತ್ತಲಲ್ಲಿ ನಕ್ಕೆವು. ಆ ಹಸಿರು ಬೆಳಕಿನಲ್ಲಿ ಅವರ ಮುಖ ಇಡೀ ದಿನದಲ್ಲಿ ಮೊದಲ ಬಾರಿ ಅರಳಿತ್ತು.

ಸಮಿತಿಯ ದಿನ ಬೆಳಿಗ್ಗೆ ಅತ್ತೆ ಬಿಕರ್ನಕಟ್ಟೆಯ ಇಗರ್ಜಿಗೆ ಹೋಗಿ ಬಾಲ ಯೇಸುವಿಗೆ ಮೇಣದಬತ್ತಿ ಹಚ್ಚಿ ಬಂದಿದ್ದರು. ಹಿಂದಿನ ದಿನ ಮನೆಯ ದೈವಕ್ಕೂ ಹೇಳಿಕೊಂಡಿದ್ದರಂತೆ. ಪಚ್ಚಿಲೆ ತಿಂದ ಋಣ ಎಂದರು. ಸಮಿತಿಯಲ್ಲಿ ಮೂವರಿದ್ದರು. ಟ್ಯೂಬ್ ಕೈಯಿಂದ ಕೈಗೆ ಹೋಯಿತು. ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರು ನನ್ನ ದಾಖಲೆ ಪುಸ್ತಕ ನೋಡಿ, "ಪ್ರಚೋದಕ ಹಾಕುವ ಮೊದಲು ಒಮ್ಮೆ ಎಂಟು ಡಿಗ್ರಿಯವರೆಗೆ ತಣಿಸಿದ್ದೀರಿ. ಒಳ್ಳೇ ಉಪಾಯ. ತಣ್ಣಗಾದ ಕೋಶಗಳು ಮಡಿಚಲು ನೆರವಾಗುವ ಪ್ರೋಟೀನುಗಳನ್ನು ಹೆಚ್ಚು ಮಾಡ್ತವೆ. ಇದು ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದರು.

ಉಪ್ಪಿನಿಂದಲೇ ಗೆದ್ದೆ ಎಂದು ನಾನು ಈಗಲೂ ಪ್ರಮಾಣ ಮಾಡಲಾರೆ. ಆದರೆ ಹೊಳೆದದ್ದು ನನಗೆ ಎಂದು ಹೇಳಲು ಬಾಯಿ ಬರಲಿಲ್ಲ. "ಹೊಳೆಯಲಿಲ್ಲ ಸರ್. ಐಸು ಕಳಿಸಿದವರು ಉಪ್ಪು ಹಾಕಿದ್ರು. ಬೆಂಕಿ ತಗ್ಗಿಸಿ ಅಂತ ಹೇಳಿದ್ದು, ಏಳು ಗಂಟೆ ಐಸು ಬದಲಿಸಿದ್ದು ನಮ್ಮ ಅಟೆಂಡರ್," ಎಂದೆ. ಸಮಿತಿಯ ಇನ್ನೊಬ್ಬರು ತಮಾಷೆ ಎಂದುಕೊಂಡು ನಕ್ಕರು. ನನಗೆ ಸಿಟ್ಟು ಬಂತು. "ನಗಬೇಡಿ ಸರ್. ಅವರು ಹೊರಗೇ ಇದ್ದಾರೆ, ಕರೀತೇನೆ, ಅವರನ್ನೇ ಕೇಳಿ," ಎಂದೆ. ಗೈಡ್ ತಲೆಯ ಮೇಲೆ ಕೈಹೊತ್ತುಕೊಂಡರು.

ಹಿರಿಯರು ನಗಲಿಲ್ಲ. "ಕರೆಯುವುದು ಬೇಡ, ಅವರ ಹೆಸರನ್ನು ಪ್ರಬಂಧದಲ್ಲಿ ಬರೆಯಿರಿ. ಉಪ್ಪನ್ನೂ ಬರೆಯಿರಿ. ಇನ್ನು ಪ್ರಯೋಗ ಸಾಕು, ಬರೆದು ಒಪ್ಪಿಸಿ," ಎಂದು ಸಹಿ ಹಾಕಿದರು.

ಹೊರಗೆ ಬಂದೆ. ಅಕ್ಕ ಕಾರಿಡಾರಿನಲ್ಲಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾ ನಿಂತಿದ್ದರು. "ಮುಗೀತು ಅಕ್ಕ. ಇನ್ನು ಲ್ಯಾಬಿನ ಕೆಲಸ ಇಲ್ಲ, ಬರೆಯುವುದು ಮಾತ್ರ," ಎಂದೆ. ಏಳು ವರ್ಷ ಯಾರ್ಯಾರಿಗೋ ಹೇಳಲು ಕಾದಿದ್ದ ಮಾತು ಅದು, ಮೊದಲು ಹೇಳಿದ್ದು ಅವರಿಗೆ.

ಅಕ್ಕನ ಮುಖ ಅರಳಿತು. ಆಮೇಲೆ ಪೊರಕೆ ನಿಂತಿತು. "ಹಾಗಾದ್ರೆ ನೀವು ನಾಳೆಯಿಂದ ಇಲ್ಲಿಗೆ ಬರುವುದಿಲ್ವಾ?" ಎಂದು ಕೇಳಿದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಮುಗಿಯಬೇಕು, ಮುಗಿಯಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದವಳಿಗೆ, ಮುಗಿದರೆ ಈ ಬಾಗಿಲು, ಈ ಸ್ಟೂಲು, ಈ ಹೆಂಗಸು ಇರುವುದಿಲ್ಲ ಎಂಬುದು ಹೊಳೆದಿರಲಿಲ್ಲ.

"ಬರ್ತೇನೆ. ಇಲ್ಲೇ ಕೂತು ಬರೀತೇನೆ," ಎಂದೆ.

"ಬನ್ನಿ," ಎಂದು ಅಕ್ಕ ಮತ್ತೆ ಗುಡಿಸತೊಡಗಿದರು. "ಕಿಟಕಿಯ ಹತ್ತಿರ ಮೇಜು ಹಾಕಿ ಇಡ್ತೇನೆ. ಬಾಯಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ."